ಹೆಜ್ಜೆ ನೋಡಬೇಕೋ, ಮುಖ ನೋಡಬೇಕೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ನೃತ್ಯವನ್ನೇ ಕಥೆಯಾಗಿಸಿಕೊಂಡ ಚಿತ್ರಗಳ ಎರಡನೇ ಭಾಗಗಳ ಬಗ್ಗೆ ಓದುಗರ ಅಭಿಪ್ರಾಯ ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ರೆಮೋ ಡಿಸೋಜಾ ನಿರ್ದೇಶನದ ‘ಎಬಿಸಿಡಿ 2’ (ಎನಿಬಡಿ ಕ್ಯಾನ್ ಡ್ಯಾನ್ಸ್) ಹಿಂದಿ ಚಿತ್ರದ ಸುತ್ತಲೇ ಇದ್ದುದರಿಂದ ಈ ಸಲದ ಪುಟವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: 2013ರ ‘ಎಬಿಸಿಡಿ’ಯನ್ನು ಮನೆಮಂದಿಯೆಲ್ಲ ಕೂತು ನೋಡಿ ಮೆಚ್ಚಿದ್ದೆವು. 2015ರ ಎರಡನೇ ಭಾಗ ನನಗೆ ಸಪ್ಪೆಯೆನಿಸಿತು, ಅದರಲ್ಲಿ ಕಥೆಯೇ ಇಲ್ಲ. ನನ್ನ ಮಕ್ಕಳು ಮಾತ್ರ ಎರಡನೆಯದೇ ಚೆನ್ನ ಎಂದು ಪಟ್ಟು ಹಿಡಿಯುತ್ತಾರೆ. ಯಾರ ಮಾತು ಸರಿ? (ಹಾಸನದ ಓದುಗರು)

ಉತ್ತರ: ಕಥೆಯ ಮಟ್ಟಿಗೆ ಹೇಳುವುದಾದರೆ ಮೊದಲನೆಯದೂ ಅಂಥ ಶ್ರೀಮಂತ ಚಿತ್ರವೇನಲ್ಲ. ಅದರಲ್ಲಿ ತಾನು ಕಟ್ಟಿದ ಅಕಾಡೆಮಿಯಿಂದಲೇ ಹೊರಬಿದ್ದ ಗುರು, ಮುಂಬೈನ ಗಲ್ಲಿಯ ಹುಡುಗರು ಮತ್ತು ಒಂದು ಟಿ.ವಿ. ಸ್ಪರ್ಧೆ ಇದ್ದರೆ, ಇದರಲ್ಲಿ ನೃತ್ಯವನ್ನು ನಕಲು ಮಾಡಿದ್ದಾರೆಂದು ಟಿ.ವಿ. ವೇದಿಕೆಯ ಮೇಲೆಯೇ ಅವಮಾನಕ್ಕೊಳಗಾದ ತಂಡ, ಕುಡಿತಕ್ಕೆ ಬಿದ್ದ ಗುರು ಮತ್ತು ಲಾಸ್ ವೇಗಸ್‌ನ ಹಿಪ್‌ಹಾಪ್ ಸ್ಪರ್ಧೆ ಇವೆ. ನಿಮಗಾದ ನಿರಾಸೆಯ ಮೂಲ ಬೇರೆಡೆ ಇದೆಯೆಂದು ನಮಗನಿಸುತ್ತದೆ. ಮೊದಲ ಭಾಗದಲ್ಲಿ ಧರ್ಮೇಶ್ ಯೇಲಂಡೆ, ಬೆಂಗಳೂರಿನ ಸಲ್ಮಾನ್ ಯೂಸುಫ್ ಖಾನ್, ಪುನೀತ್ ಪಾಠಕ್, ಅಮೆರಿಕದ ಲಾರೆನ್ ಗಾಟ್ಲೀಬ್ ಮೊದಲಾದವರೆಲ್ಲ ಟಿ.ವಿ. ನೃತ್ಯ ಸ್ಪರ್ಧೆಗಳಿಂದ ಬಂದವರು. ಸಂಭಾಷಣೆ ಒಪ್ಪಿಸುವಾಗ ತಡವರಿಸಿದರೂ ಹಾಡು ಶುರುವಾದೊಡನೆ ಅವರ ದೇಹಕ್ಕೆ ಭಾಷೆ ಬಂದುಬಿಡುತ್ತಿತ್ತು. ಎರಡನೇ ಭಾಗದಲ್ಲಿ ವರುಣ್ ಧವನ್, ಶ್ರದ್ಧಾ ಕಪೂರ್ ಮುಂದಿನ ಸಾಲಿಗೆ ಬಂದರು, ನುರಿತ ನೃತ್ಯಗಾರರು ಹಿಂದಿನ ಸಾಲಿಗೆ ಸರಿದರು. ಆ ಇಬ್ಬರೂ ಬೆವರು ಸುರಿಸಿ ಕಲಿತಿದ್ದಾರೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ತಾರೆಯನ್ನು ಇಟ್ಟುಕೊಂಡ ಮೇಲೆ ತಾರೆಯ ಮುಖವನ್ನು ತೋರಿಸಲೇಬೇಕಾಗುತ್ತದೆ. ಮುಖ ತೋರಿಸಲು ಕ್ಯಾಮೆರಾ ಹತ್ತಿರ ಬರಬೇಕು. ಅದು ಹತ್ತಿರ ಬಂದ ಕ್ಷಣವೇ ಪಾದಗಳು ಚೌಕಟ್ಟಿನಿಂದ ಆಚೆ ಹೋಗುತ್ತವೆ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಎರಡೂ ಚಿತ್ರಗಳ ಒಂದೊಂದು ಗುಂಪು ನೃತ್ಯವನ್ನು ಆರಿಸಿಕೊಂಡು, ಟಿ.ವಿ.ಯ ಧ್ವನಿಯನ್ನು ಪೂರ್ತಿ ನಿಲ್ಲಿಸಿ, ತಲೆಯಿಂದ ಪಾದದವರೆಗೆ ಇಡೀ ದೇಹ ಎಷ್ಟು ಹೊತ್ತು ಒಂದೇ ಶಾಟ್‌ನಲ್ಲಿ ಕಾಣುತ್ತದೆಂದು ಮನಸ್ಸಿನಲ್ಲೇ ಎಣಿಸಿರಿ. ತಾಳದ ಅಬ್ಬರ ನಿಂತ ಮೇಲೆ ಸಂಕಲನಕಾರನ ಕತ್ತರಿ ಎಲ್ಲೆಲ್ಲಿ ಆಡಿದೆಯೆಂಬುದು ಯಾರಿಗಾದರೂ ಕಾಣುತ್ತದೆ. ಮಕ್ಕಳ ಮಾತನ್ನೂ ತಳ್ಳಿಹಾಕುವಂತಿಲ್ಲ. ಅವರು ಚಿತ್ರವನ್ನು ಇಡಿಯಾಗಿ ನೋಡುವುದಕ್ಕಿಂತ ಮೊಬೈಲಿನಲ್ಲಿ ಹಾಡು ಹಾಡಾಗಿ ನೋಡುವವರು. ಬಿಡಿ ಹಾಡುಗಳ ಬೆಡಗಿನಲ್ಲಿ ಎರಡನೆಯದೇ ಒಂದು ಕೈ ಮೇಲು.

ಪ್ರಶ್ನೆ: ನೂರು ಕೋಟಿ ದಾಟಿದ ಚಿತ್ರವನ್ನು ಜನ ಮೆಚ್ಚಲಿಲ್ಲ ಎನ್ನುವುದು ಹೇಗೆ? (ದಾವಣಗೆರೆಯ ಓದುಗರು)

ಉತ್ತರ: ಜನ ಮೆಚ್ಚಲಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಆದರೆ ಎರಡನೇ ಭಾಗದ ಟಿಕೆಟ್ ಎಷ್ಟೋ ಸಲ ಮೊದಲನೆಯದರ ಮೇಲಿನ ಪ್ರೀತಿಗೆ ಕೊಟ್ಟ ಹಣವಾಗಿರುತ್ತದೆ. 1977ರ ಅಮೆರಿಕನ್ ಚಿತ್ರ ‘ಸ್ಯಾಟರ್ಡೇ ನೈಟ್ ಫೀವರ್’ಗೆ 1983ರಲ್ಲಿ ‘ಸ್ಟೇಯಿಂಗ್ ಅಲೈವ್’ ಎಂಬ ಮುಂದಿನ ಭಾಗ ಬಂದಿತು. ನಿರ್ದೇಶಿಸಿದವರು, ಹುಬ್ಬೇರಿಸಬೇಡಿ, ಹೊಡೆದಾಟದ ಚಿತ್ರಗಳ ನಟ ಸಿಲ್ವೆಸ್ಟರ್ ಸ್ಟಲೋನ್. ವಿಮರ್ಶಕರು ಅದನ್ನು ಒಕ್ಕೊರಲಿನಿಂದ ಬೈದರು, ಚಿತ್ರ ಮಾತ್ರ ಚೆನ್ನಾಗಿಯೇ ಹಣ ಮಾಡಿತು. ಇಂದು ಎರಡೂ ಚಿತ್ರಗಳ ನಾಯಕ ಜಾನ್ ಟ್ರವೋಲ್ಟಾ ಹೆಸರು ಹೇಳಿದರೆ ಜನ ನೆನೆಯುವುದು ಮೊದಲ ಚಿತ್ರದ ಆ ಬಿಳಿ ಸೂಟನ್ನೇ.

ಪ್ರಶ್ನೆ: ನಾವು ಸ್ನೇಹಿತರೆಲ್ಲ ಪ್ರಭುದೇವ ಅವರಿಗಾಗಿಯೇ ಹೋಗಿದ್ದೆವು. ಅವರಂಥವರನ್ನು ಕುಡುಕ ಮೇಷ್ಟ್ರನ್ನಾಗಿ ಮಾಡಿ ಕೂರಿಸಿದ್ದು ಸರಿಯೇ? (ಮೈಸೂರಿನ ಓದುಗರು)

ಉತ್ತರ: ಮೈಸೂರಿನವರು ಈ ಪ್ರಶ್ನೆ ಕೇಳದಿದ್ದರೆ ಇನ್ನಾರು ಕೇಳಬೇಕು! ಪ್ರಭುದೇವ ಹುಟ್ಟಿದ್ದು ನಿಮ್ಮ ಊರಿನಲ್ಲಿ. ತಂದೆ ಸುಂದರ್ ಮಾಸ್ಟರ್ ತಮ್ಮ ಹೆಸರಿನ ಮುಂದೆ ಇಂದಿಗೂ ಇಟ್ಟುಕೊಂಡಿರುವ ಮೂಗೂರು, ತಿ. ನರಸೀಪುರ ತಾಲ್ಲೂಕಿನ, ತ್ರಿಪುರಸುಂದರಿ ಅಮ್ಮನವರ ಮೂಗೂರೇ. ಪಾಶ್ಚಾತ್ಯ ನೃತ್ಯಕ್ಕೆ ಹೆಸರಾದ ಪ್ರಭುದೇವ ಭರತನಾಟ್ಯ ಕಲಿತ ಗುರುಗಳಲ್ಲಿ ಉಡುಪಿ ಲಕ್ಷ್ಮೀನಾರಾಯಣ್ ಅವರೂ ಒಬ್ಬರು. ಎಲುಬೇ ಇಲ್ಲದವರಂತೆ ಕುಣಿಯುತ್ತಾರೆಂದು ಜನ ಬೆರಗಾಗುವ ಆ ಮೈಯೊಳಗೆ ಶಾಸ್ತ್ರದ ಲೆಕ್ಕಾಚಾರ ಕುಳಿತಿರುವುದು ಹೀಗೆ.

ಮೊದಲ ಭಾಗದಲ್ಲಿ ಅವರೇ ಚಿತ್ರದ ಬೆನ್ನೆಲುಬು. ಎರಡನೆಯದರಲ್ಲಿಯೂ ಪಾತ್ರದ ಹೆಸರು ವಿಷ್ಣುವೇ, ಆದರೆ ಕಥೆ ವರುಣ್ ಧವನ್ ಮಾಡಿದ ಸುರೇಶ್ ಎಂಬ ಯುವಕನದಾದ್ದರಿಂದ ಅವರು ಬದಿಗೆ ನಿಲ್ಲಬೇಕಾಯಿತು. ಬದಿಗೆ ನಿಲ್ಲಿಸಿದ್ದು ನಮಗೂ ಸಂಕಟವೇ. ಆದರೆ ಕುಡುಕನನ್ನಾಗಿ ಮಾಡಿದ್ದಕ್ಕೆ ನಮ್ಮ ತಕರಾರಿಲ್ಲ, ಏಕೆಂದರೆ ‘ಹ್ಯಾಪಿ ಅವರ್’ ಹಾಡು ಹುಟ್ಟಿದ್ದೇ ಆ ಸ್ವಭಾವದಿಂದ. ಅಮಲಿನಲ್ಲಿರುವವನಂತೆ ಕುಣಿಯುವುದು ಬಲು ಕಷ್ಟದ ಕೆಲಸ; ತಾಳಕ್ಕೆ ಒಂದು ಕೂದಲೆಳೆಯಷ್ಟು ಹಿಂದೆ ಬಿದ್ದಂತೆ ತೋರಿಸಿಕೊಳ್ಳುತ್ತಲೇ ತಾಳ ತಪ್ಪದಿರಬೇಕು. ನಾವು ಚಿತ್ರ ನೋಡಿದ ಜಿಲ್ಲಾ ಕೇಂದ್ರದ ಚಿತ್ರಮಂದಿರದಲ್ಲಿ, ಓದುವ ಕನ್ನಡಕದ ಮೇಲೆ 3ಡಿ ಕನ್ನಡಕ ಏರಿಸಿಕೊಂಡು ಮೂಗು ನೋಯಿಸಿಕೊಳ್ಳುತ್ತಿದ್ದಾಗ, ಪಕ್ಕದ ಸಾಲಿನ ಹಿರಿಯರೊಬ್ಬರು ಈ ಹಾಡಿಗೆ ಮಾತ್ರ ತಮ್ಮ 3ಡಿ ಕನ್ನಡಕವನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಮಸುಕಾಗಿ ಕಂಡರೂ ಚಿಂತೆಯಿಲ್ಲ, ‘ಇವನಿಗೆ ಕನ್ನಡಕ ಯಾಕ್ರೀ’ ಎಂದರು.

ಪ್ರಶ್ನೆ: ಇದು ನಿಜವಾಗಿ ನಡೆದ ಕಥೆಯೇ? (ಶಿರಸಿಯ ಓದುಗರು)

ಉತ್ತರ: ಎಳೆ ನಿಜ, ನೆಯ್ಗೆ ಸಿನಿಮಾದ್ದು. ಮುಂಬೈ ಹೊರವಲಯದ ನಾಲಾಸೋಪಾರಾದ ಸುರೇಶ್ ಮುಕುಂದ್ ಹಾಗೂ ವರ್ನನ್ ಮೊಂತೇರೋ ಅವರ ತಂಡದ ಬದುಕು ಚಿತ್ರಕ್ಕೆ ಪ್ರೇರಣೆ. ವಾಸ್ತವ ಮುಂದೆ ಸಿನಿಮಾವನ್ನೂ ಮೀರಿಸಿತು: ಸುರೇಶ್ ಮುಕುಂದ್ ನೇತೃತ್ವದ ‘ದ ಕಿಂಗ್ಸ್’ ತಂಡ 2019ರಲ್ಲಿ ಅಮೆರಿಕದ ಟಿ.ವಿ. ಸ್ಪರ್ಧೆ ‘ವರ್ಲ್ಡ್ ಆಫ್ ಡ್ಯಾನ್ಸ್’ನಲ್ಲಿ ಗೆದ್ದಿತು.

ಪ್ರಶ್ನೆ: ಕೊನೆಯ ನೃತ್ಯಕ್ಕೆ ‘ವಂದೇ ಮಾತರಂ’ ಬಳಸಿದ್ದು ಅನೇಕರಿಗೆ ರೋಮಾಂಚನ ತಂದಿತು, ನನಗೆ ಮುಜುಗರವಾಯಿತು. ನನ್ನಲ್ಲೇ ದೋಷವಿದೆಯೇ? (ಬೆಳಗಾವಿಯ ಓದುಗರು)

ಉತ್ತರ: ದೋಷವಿಲ್ಲ. ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಂಡವರನ್ನೂ ಗಡಿಯಾರ ನೋಡಿಕೊಂಡವರನ್ನೂ ನಾವು ಒಂದೇ ಸಾಲಿನಲ್ಲಿ ಕಂಡಿದ್ದೇವೆ. ಮೊದಲ ಭಾಗ ಮುಗಿಯುವುದು ಗಣಪತಿಯ ನೃತ್ಯದೊಂದಿಗೆ. ಆ ಹುಡುಗರನ್ನು ಗುರು ಮೊದಲು ಕಂಡಿದ್ದೇ ಗಣೇಶನ ಹಬ್ಬದ ಬೀದಿಯಲ್ಲಿ ಆದ್ದರಿಂದ, ಬೀದಿಯ ಕುಣಿತ ವೇದಿಕೆಗೆ ಏರಿ ಬಂದಂತೆ ಅದು ಸಹಜವಾಗಿ ಕೂಡಿಕೊಂಡಿತ್ತು. ಎರಡನೆಯದರಲ್ಲಿ ತಂಡದ ಮೇಲಿದ್ದ ಕಳಂಕ ನಕಲಿನದು. ಆ ಕಳಂಕ ತೊಳೆಯಲು ಹಿಂದೆಂದೂ ಕಾಣದ ಒಂದು ಹೊಸ ಚಲನೆ ಬೇಕಿತ್ತು, ಅದರ ಜಾಗದಲ್ಲಿ ದೇಶಭಕ್ತಿ ಬಂದು ಕುಳಿತಿತು. ದೇಶಭಕ್ತಿಯ ಮುಂದೆ ಯಾವ ಪ್ರೇಕ್ಷಕನೂ ಹೆಜ್ಜೆಯ ಗುಣ ಎಣಿಸುವುದಿಲ್ಲ, ನಿರ್ದೇಶಕರಿಗೂ ಅದು ಗೊತ್ತಿತ್ತು.

ಪ್ರಶ್ನೆ: ಮೂರನೆಯದನ್ನು ‘ಎಬಿಸಿಡಿ 3’ ಎಂದು ಏಕೆ ಕರೆಯಲಿಲ್ಲ? (ತುಮಕೂರಿನ ಓದುಗರು)

ಉತ್ತರ: ಮೊದಲು ಸುದ್ದಿಯಾಗಿದ್ದು ಅದೇ ಹೆಸರಿನಿಂದ. ಎರಡನೇ ಭಾಗದ ಹಿಂದಿದ್ದ ಡಿಸ್ನಿ ಸಂಸ್ಥೆ ಹಿಂದಿ ಚಿತ್ರ ನಿರ್ಮಾಣದಿಂದ ಹಿಂದೆ ಸರಿದಿತ್ತು. ಹೀಗಾಗಿ 2020ರ ಜನವರಿಯಲ್ಲಿ ಟಿ-ಸೀರೀಸ್ ಸಂಸ್ಥೆಯ ಜೊತೆಗೂಡಿ ಬಂದ ಚಿತ್ರಕ್ಕೆ ‘ಸ್ಟ್ರೀಟ್ ಡ್ಯಾನ್ಸರ್ 3ಡಿ’ ಎಂದು ಹೆಸರಾಯಿತು. ನಟರು ಅವರೇ, ಪಾತ್ರಗಳು ಬೇರೆ, ಊರು ಲಂಡನ್.

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗಳು ‘ಬೇಜುಬಾನ್ ಫಿರ್ ಸೇ’ ಹಾಡಿಗೆ ಶಾಲಾ ವಾರ್ಷಿಕೋತ್ಸವದಲ್ಲಿ ಕುಣಿಯಬೇಕೆಂದು ಹಟ ಹಿಡಿದಿದ್ದಾಳೆ. ಸಿನಿಮಾ ನೋಡಿ ಕಲಿತರೆ ಸಾಕೇ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಸಾಲದು. ಮೇಲೆ ಹೇಳಿದ ಕಾರಣಕ್ಕೇ ಸಾಲದು: ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಭಾರ ಯಾವ ಕಾಲಿನ ಮೇಲಿತ್ತೆಂಬುದು ಪರದೆಯ ಮೇಲೆ ಕಾಣುವುದಿಲ್ಲ. ಚಿತ್ರದಲ್ಲೇ ಶ್ರದ್ಧಾ ಅವರ ಪಾತ್ರ ಪೆಟ್ಟು ಮಾಡಿಕೊಂಡು ಹೊರಗುಳಿಯುವುದನ್ನು ಮಗಳಿಗೆ ತೋರಿಸಿ. ನಮಗೆ ಪರಿಚಯದ ನೃತ್ಯ ಶಿಕ್ಷಕರೊಬ್ಬರು ಇಂಥ ಹಾಡು ಕೇಳಿ ಬರುವ ಮಕ್ಕಳಿಗೆ ಮೊದಲ ವಾರವೆಲ್ಲ ಹಾಡನ್ನೇ ಹಾಕುವುದಿಲ್ಲ. ಕನ್ನಡಿಯತ್ತ ಬೆನ್ನು ಮಾಡಿ ನಿಲ್ಲಿಸಿ, ಜಿಗಿದು ಸದ್ದಾಗದಂತೆ ಇಳಿಯುವುದನ್ನಷ್ಟೇ ಕಲಿಸುತ್ತಾರೆ. ಕೆಳಗಿನ ಮನೆಯವರು ದೂರು ಹೇಳುವುದನ್ನು ನಿಲ್ಲಿಸಿದ ದಿನ ಅವರು ಹಾಡು ಹಾಕುತ್ತಾರೆ.