ಸಸಿ ನೆಟ್ಟಿರಿ, ಪಹಣಿ ನೋಡಿದಿರಾ?

ಪ್ರಶ್ನೆ: ಕೋಲಾರ ಜಿಲ್ಲೆಯ ಹಳ್ಳಿಯವನು, ಬಿ.ಎ. ಓದುತ್ತಿದ್ದೇನೆ. ಒಳ್ಳೆಯ ಮಳೆಯಾದರೂ ನಮ್ಮೂರ ಕೆರೆಗೆ ನೀರು ಬರುವುದಿಲ್ಲ. ಕಾಲುವೆ ಒತ್ತುವರಿಯಾಗಿದೆ ಎನ್ನುತ್ತಾರೆ. ಗೆಳೆಯರೆಲ್ಲ ಸೇರಿ ಏರಿಯ ಮೇಲೆ ಸಸಿ ನೆಟ್ಟೆವು, ಸೈಕಲ್ ಜಾಥಾ ಮಾಡಿದೆವು, ಮನವಿ ಕೊಟ್ಟೆವು. ಏನೂ ಆಗಲಿಲ್ಲ. ಹವಾಮಾನ ನ್ಯಾಯಕ್ಕಾಗಿ ಯುವಕರು ಇನ್ನೇನು ಮಾಡಬೇಕು?

ಉತ್ತರ: ಈ ತಿಂಗಳು ಇದು ಆರನೆಯ ಪತ್ರ; ಊರಿನ ಹೆಸರು ಮಾತ್ರ ಬೇರೆ. ಆರರಲ್ಲೂ ಜಾಥಾ ಇದೆ, ಒಂದರಲ್ಲೂ ಸರ್ವೆ ನಂಬರ್ ಇಲ್ಲ. ‘ಎನ್ನುತ್ತಾರೆ’ ಎಂದಿದ್ದೀರಿ. ಯಾರು? ಕಚೇರಿಯಲ್ಲಿ ಆ ಮಾತಿಗೆ ಕಾಸಿನ ಬೆಲೆಯಿಲ್ಲ.

ಕಂದಾಯ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಳ್ಳಿ. ಕೆರೆಯಿಂದ ಮೇಲಕ್ಕೆ, ನೀರು ಬರುವ ದಿಕ್ಕಿಗೆ, ಕಾಲುವೆಯ ಗೆರೆಯ ಮೇಲೆ ಬೆರಳಿಟ್ಟು ಸಾಗಿ. ಅದು ಹಾಯುವ ಒಂದೊಂದು ಸರ್ವೆ ನಂಬರಿನ ಪಹಣಿ, ಅಂದರೆ ಜಮೀನು ಯಾರದು, ಎಷ್ಟು ಎಂದು ಹೇಳುವ ದಾಖಲೆ, ತೆಗೆಸಿ. ಜಮೀನು ಖಾಸಗಿಯದೇ ಇರಬಹುದು. ಅದರೊಳಗೆ ಮೂರೋ ನಾಲ್ಕೋ ಗುಂಟೆ ‘ಬಿ ಖರಾಬು’ ಎಂದು ಕಂಡರೆ ಅಲ್ಲಿ ನಿಲ್ಲಿ. ಅದು ಸಾರ್ವಜನಿಕರ ಪಾಲು: ದಾರಿಯೋ, ಹಳ್ಳವೋ, ಕಾಲುವೆಯೋ. ಈಗ ಆ ಜಾಗಕ್ಕೆ ನಡೆದುಹೋಗಿ. ಕಾಲುವೆ ಇರಬೇಕಾದಲ್ಲಿ ಟೊಮೆಟೊ ಕಡ್ಡಿ ನೆಟ್ಟಿರುತ್ತದೆ, ಇಲ್ಲವೇ ಬಡಾವಣೆಯ ಕಲ್ಲು. ದಿಶಾಂಕ್ ಆಪ್ ನೀವು ನಿಂತ ಸರ್ವೆ ನಂಬರನ್ನು ತೋರಿಸುತ್ತದೆ, ಆದರೆ ಅದನ್ನು ಸಾಕ್ಷಿ ಎಂದುಕೊಳ್ಳಬೇಡಿ. ಗಡಿ ತೀರ್ಮಾನವಾಗುವುದು ಭೂಮಾಪಕರ ಅಳತೆಯಿಂದ. ಅದಕ್ಕೆ ತಹಶೀಲ್ದಾರರಿಗೆ ಬರೆಯಿರಿ.

ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ಜಮೀನು, 40 ಹೆಕ್ಟೇರ್ ಮೀರಿದ್ದರೆ ಅದು ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತ್ ರಾಜ್ ಸಂಸ್ಥೆಗಳದು. ತಪ್ಪು ಬಾಗಿಲು ತಟ್ಟಿದರೆ ಆರು ತಿಂಗಳು ಹೋದಂತೆಯೇ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಪೀಠಿಕೆ ಬರೆದು ಆ 150 ಅನ್ನು ಮುಗಿಸಬೇಡಿ. ಮನವಿ ಕೊಟ್ಟಾಗ ಫೋಟೊ ತೆಗೆಸಿಕೊಂಡಿರುತ್ತೀರಿ, ಸ್ವೀಕೃತಿ ತೆಗೆದುಕೊಂಡಿರಾ? ಮತದಾರರ ಪಟ್ಟಿಯಲ್ಲಿ ಹೆಸರಿರುವ ನೀವೆಲ್ಲರೂ ಗ್ರಾಮಸಭೆಯ ಸದಸ್ಯರೇ. ಅಲ್ಲಿ ಸಿಗುವ ಚಪ್ಪಾಳೆಯಿಂದ ಏನೂ ಆಗದು, ನಡಾವಳಿ ಪುಸ್ತಕದಲ್ಲಿ ಸಾಲು ಬೀಳಬೇಕು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದು ಮುಗಿಸುವವರೆಗೆ ಏಳಬೇಡಿ.

ಒಬ್ಬರೇ ಸಹಿ ಹಾಕಬೇಡಿ. ಹಿಂದೆ ನಾನೇ ಹುರಿದುಂಬಿಸಿ ಒಬ್ಬ ಹುಡುಗನಿಂದ ದೂರು ಕೊಡಿಸಿದ್ದೆ. ವಾರದೊಳಗೆ ಅವನ ತೋಟದ ಬೋರ್‌ವೆಲ್ ಕೇಬಲ್ ತುಂಡಾಗಿ ಬಿದ್ದಿತ್ತು. ಅಂದಿನಿಂದ ಇಪ್ಪತ್ತು ಸಹಿಯಿಲ್ಲದ ದೂರಿಗೆ ನಾನು ಸಲಹೆ ಕೊಡುವುದಿಲ್ಲ. ಹೇಡಿತನ ಎನ್ನುವವರು ಎನ್ನಲಿ.

ನಿಮ್ಮ ಪತ್ರದಲ್ಲಿ ‘ನ್ಯಾಯ’ ಎಂಬ ಪದವಿದೆ, ಅದಕ್ಕೇ ಇದನ್ನೂ ಹೇಳುತ್ತೇನೆ. ಒತ್ತುವರಿಯ ಪಟ್ಟಿಯನ್ನು ಕೆರೆಯಂಗಳದ ಅಂಚಿನಲ್ಲಿ ಅರ್ಧ ಎಕರೆ ರಾಗಿ ಬಿತ್ತಿದ ಭೂಹೀನರಿಂದ ಶುರುಮಾಡಬೇಡಿ. ಜೆಸಿಬಿ ಮೊದಲು ಅಲ್ಲಿಗೇ ಬರುತ್ತದೆ, ಏಕೆಂದರೆ ಅವರ ಪರವಾಗಿ ಫೋನ್ ಮಾಡುವವರಿಲ್ಲ. ಮೇಲ್ಗಡೆ ಕಾಲುವೆ ಮುಚ್ಚಿ ಲೇಔಟ್ ಮಾಡಿದವರು ನಿಮ್ಮ ಜಾಥಾಕ್ಕೆ ಹಸಿರು ಬಾವುಟ ತೋರಿಸಿದವರೇ ಇರಬಹುದು, ವಿಚಾರಿಸಿ. ಕೆರೆ ಬತ್ತಿದರೆ ಅವರು ಸಾವಿರ ಅಡಿ ಕೊರೆಸುತ್ತಾರೆ. ಟ್ಯಾಂಕರಿಗಾಗಿ ಕೊಡ ಸಾಲಿಗಿಟ್ಟು ಕಾಯುವವರು ಬೇರೆ.

ಪ್ರಶ್ನೆ: ಬೀಜದುಂಡೆ ಎಸೆದರೆ ಬೆಟ್ಟ ಹಸಿರಾಗುತ್ತದೆಯೇ?

ಉತ್ತರ: ಹೋದ ವರ್ಷ ಎಸೆದವುಗಳಲ್ಲಿ ಎಷ್ಟು ಬದುಕಿವೆ ಎಂದು ಎಣಿಸಿ ಬಂದು ಕೇಳಿ.

ಪ್ರಶ್ನೆ: ತೆಂಗಿನಕಾಯಿ ಹಿಡಿದು ಅಂತರ್ಜಲ ತೋರಿಸುವವರನ್ನು ಯುವಕ ಸಂಘದಿಂದ ಕರೆಸಬಹುದೇ?

ಉತ್ತರ: ಕಾಯಿ ಚಟ್ನಿಗೆ ಒಳ್ಳೆಯದು. ಕೊಳವೆಬಾವಿ ಒಣಗಿದಾಗ ಇವರು ದಕ್ಷಿಣೆ ಹಿಂತಿರುಗಿಸಿದ್ದನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ: ಕಾರ್ಬನ್ ಕ್ರೆಡಿಟ್ ಹಣ ಕೊಡಿಸುತ್ತೇನೆಂದು ಒಬ್ಬರು ರೈತರಿಂದ ನೋಂದಣಿ ಶುಲ್ಕ ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ.

ಪ್ರಶ್ನೆ: ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವುದು ಹಕ್ಕು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ, ನೇರವಾಗಿ ಕೋರ್ಟಿಗೆ ಹೋಗಬಹುದೇ?

ಉತ್ತರ: ಹೋಗಬಹುದು. ಅಲ್ಲಿಯೂ ನಕ್ಷೆ ಕೇಳುತ್ತಾರೆ.

ಪ್ರಶ್ನೆ: ನಾನು ಹತ್ತನೆಯ ತರಗತಿ. ನನಗೆ ಮತವಿಲ್ಲ. ಏನು ಮಾಡಲಿ?

ಉತ್ತರ: ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ನಿಮ್ಮಲ್ಲಿ ಕಳೆದ ಸಲ ಅದು ಯಾವಾಗ ನಡೆಯಿತು, ಮಕ್ಕಳು ಕೇಳಿದ್ದು ಏನಾಯಿತು ಎಂದು ಲಿಖಿತವಾಗಿ ಕೇಳು. ಪರೀಕ್ಷೆ ಮುಗಿದ ಮೇಲೆ.