ಸಂಬಳ ಹೆಚ್ಚಾಗಿ ಆದಾಯ ತೆರಿಗೆಯ ಮೇಲಿನ ಸ್ಲ್ಯಾಬ್‌ಗೆ (ಹೆಚ್ಚಿನ ದರದ ಹಂತಕ್ಕೆ) ಹೋದರೆ ಕೈಗೆ ಬರುವ ಹಣ ಕಡಿಮೆಯಾಗುತ್ತದೆಯೇ?

ಇಲ್ಲ. ಈ ಭಯದಿಂದ ಬಡ್ತಿಯನ್ನೇ ಬೇಡ ಎನ್ನುವವರಿದ್ದಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೇಲಿನ ದರ ನಿಮ್ಮ ಇಡೀ ಆದಾಯಕ್ಕೆ ಅನ್ವಯಿಸುವುದಿಲ್ಲ, ಗೆರೆ ದಾಟಿದ ಭಾಗಕ್ಕೆ ಮಾತ್ರ. ಮೆಟ್ಟಿಲುಮೆಟ್ಟಿಲಾಗಿ ಇಟ್ಟ ಪಾತ್ರೆಗಳಿಗೆ ನೀರು ತುಂಬಿಸಿದ ಹಾಗೆ: ಒಂದು ತುಂಬಿದ ಮೇಲೆ ಉಳಿದದ್ದು ಮುಂದಿನದಕ್ಕೆ. ಮೊದಲನೆಯದರಲ್ಲಿ ಇರುವ ನೀರು ಅಲ್ಲೇ ಇರುತ್ತದೆ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಮೊದಲ 1 ಲಕ್ಷಕ್ಕೆ ತೆರಿಗೆ ಇಲ್ಲ, ಮುಂದಿನ 1 ಲಕ್ಷಕ್ಕೆ ಶೇ. 10, ಅದರ ಮೇಲಿನದಕ್ಕೆ ಶೇ. 20. ಆದಾಯ 2,00,000 ಇದ್ದಾಗ ತೆರಿಗೆ 10,000, ಕೈಗೆ 1,90,000. ಈಗ ಸಂಬಳ 2,10,000 ಆಯಿತು. ಹೆಚ್ಚಿದ 10,000ಕ್ಕೆ ಮಾತ್ರ ಶೇ. 20, ಅಂದರೆ 2,000. ಒಟ್ಟು ತೆರಿಗೆ 12,000, ಕೈಗೆ 1,98,000. ಎಂಟು ಸಾವಿರ ಲಾಭವೇ. ನಿಮ್ಮ ಸ್ಲ್ಯಾಬ್ ಶೇ. 20 ಅಂತಾದರೂ ಇಡೀ ಆದಾಯದ ಮೇಲೆ ಬಿದ್ದ ಸರಾಸರಿ ಹೊರೆ ಶೇ. 6ಕ್ಕೂ ಕಡಿಮೆ.

ವಿನಾಯಿತಿಯೂ ಆದಾಯದ ಮೇಲಿನ ಭಾಗದಿಂದಲೇ ಕಳೆಯುತ್ತದೆ: ಈ ಲೆಕ್ಕದಲ್ಲಿ 5,000 ವಿನಾಯಿತಿ ಸಿಕ್ಕರೆ ಉಳಿಯುವ ತೆರಿಗೆ ಅದರ ಶೇ. 20, ಅಂದರೆ 1,000, ಪೂರ್ತಿ 5,000 ಅಲ್ಲ. ತೆರಿಗೆ ಉಳಿಸಲೆಂದೇ ಬೇಡದ್ದನ್ನು ಕೊಳ್ಳುವವರು ಇದನ್ನು ದಯವಿಟ್ಟು ಗಮನಿಸಬೇಕು.

ಎಚ್ಚರ ಬೇಕಾದ ಜಾಗ ಒಂದಿದೆ. ಆದಾಯ ಒಂದು ಮಿತಿ ದಾಟಿದ ಕೂಡಲೇ ರಿಯಾಯಿತಿಯೋ ಸಹಾಯಧನವೋ ಒಮ್ಮೆಲೇ ನಿಂತುಹೋಗುವ ನಿಯಮಗಳು ಕೆಲವೆಡೆ ಇರುತ್ತವೆ. ಅಲ್ಲಿ ನಿಜಕ್ಕೂ ನಷ್ಟವಾಗಬಹುದು, ಆದರೆ ಅದಕ್ಕೆ ಕಾರಣ ಆ ಮಿತಿ, ಸ್ಲ್ಯಾಬ್ ಅಲ್ಲ.