ಅಡುಗೆ ಸೋಡಾ ಹಾಕಿ ಮನೆಯಲ್ಲೇ ಮಾಡಿದ ಡಿಯೋಡರೆಂಟ್‌ನಿಂದ ಕಂಕುಳು ಉರಿಯುತ್ತಿದೆ, ಬೇರೆ ವಿಧಾನ ಇದೆಯೇ?

ವಿಡಿಯೊವೊಂದನ್ನು ನೋಡಿ ಅಡುಗೆ ಸೋಡಾ, ಕಾರ್ನ್‌ಫ್ಲೋರ್ ಮತ್ತು ತೆಂಗಿನೆಣ್ಣೆಯನ್ನು ಸಮಪ್ರಮಾಣದಲ್ಲಿ ಕಲಸಿ ನೀವು ಮಾಡಿಕೊಂಡ ಡಿಯೋಡರೆಂಟ್ ಮೊದಲ ವಾರ ಚೆನ್ನಾಗಿಯೇ ಇದ್ದು, ಆಮೇಲೆ ಕಂಕುಳಲ್ಲಿ ಉರಿಯೆದ್ದು ಚರ್ಮ ಕಪ್ಪಾಗತೊಡಗಿತೆಂದು ಬರೆದಿದ್ದೀರಿ. ಸೋಡಾದ ಬದಲು ಪಟಿಕ ಹಚ್ಚಬಹುದೇ ಎಂದೂ, ಸೆಕೆಗಾಲದಲ್ಲಿ ಮಿಶ್ರಣ ಕರಗಿ ಎಣ್ಣೆಯಂತಾಗುವುದನ್ನು ತಡೆಯುವುದು ಹೇಗೆಂದೂ ಕೇಳಿದ್ದೀರಿ. ನಾನು ವೈದ್ಯನಲ್ಲ. ಕುಮಟಾದ ಸೆಕೆಯಲ್ಲಿ ಆರೇಳು ವರ್ಷಗಳಿಂದ ಮನೆಮಂದಿಗಾಗಿ ಇದನ್ನು ಮಾಡುತ್ತಾ ಬಂದಿದ್ದೇನೆ, ಮತ್ತು ಮೊದಲ ವರ್ಷ ನನಗೂ ಆದದ್ದು ಇದೇ.

ಬೆವರಿಗೆ ತನ್ನದೇ ಆದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಮೈಯೆಲ್ಲ ತಂಪು ಮಾಡುವ ನೀರಿನಂಥ ಬೆವರು ಒಂದು ಬಗೆಯಾದರೆ, ಕಂಕುಳಿನ ಗ್ರಂಥಿಗಳಿಂದ ಪ್ರಾಯಕ್ಕೆ ಬಂದ ಮೇಲಷ್ಟೇ ಒಸರುವ, ಕೊಬ್ಬು ಮತ್ತು ಪ್ರೋಟೀನಿನ ಅಂಶವಿರುವ ಬೆವರು ಇನ್ನೊಂದು ಬಗೆ. ಈ ಎರಡನೆಯದನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಕೊರಿನೆಬ್ಯಾಕ್ಟೀರಿಯಂ ಎಂಬ ಗುಂಪಿನವು, ಒಡೆದಾಗ ಹುಟ್ಟುವ ಆಮ್ಲಗಳು ಮತ್ತು ಗಂಧಕದ ಸಂಯುಕ್ತಗಳೇ ನಮಗೆ ಬೆವರುನಾತವಾಗಿ ತಿಳಿಯುತ್ತವೆ. ಆದ್ದರಿಂದ ಮನೆಯಲ್ಲಿ ಮಾಡುವ ಯಾವ ಲೇಪವೂ ಬೆವರನ್ನು ನಿಲ್ಲಿಸುವುದಿಲ್ಲ. ಬೆವರು ನಿಲ್ಲಿಸುವುದು ಅಲ್ಯುಮಿನಿಯಂ ಲವಣಗಳಿರುವ ಆ್ಯಂಟಿಪರ್ಸ್ಪಿರೆಂಟ್‌ಗಳ ಕೆಲಸ. ನಮ್ಮ ಲೇಪ ಒಂದಷ್ಟು ತೇವ ಹೀರಿ, ಬ್ಯಾಕ್ಟೀರಿಯಾಗಳಿಗೆ ಒಂದಷ್ಟು ಅಡ್ಡಿಯಾಗಿ, ವಾಸನೆಯನ್ನು ತಗ್ಗಿಸಬಲ್ಲದು, ಅಷ್ಟೇ. ಅಂಗಿ ಒದ್ದೆಯಾಗಬಾರದು ಎಂಬುದು ನಿಮ್ಮ ಅಪೇಕ್ಷೆಯಾಗಿದ್ದರೆ ಈ ಉಸಾಬರಿಗೆ ಕೈಹಾಕದಿರುವುದೇ ಒಳ್ಳೆಯದು.

ನಿಮ್ಮ ಉರಿಗೆ ಕಾರಣ ಬಹುತೇಕ ಸೋಡಾ. ಆರೋಗ್ಯವಂತ ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 5ರ ಆಸುಪಾಸಿನಲ್ಲಿದ್ದು ತುಸು ಹುಳಿಯ ಕಡೆಗಿರುತ್ತದೆ, ಸೋಡಾ ಬೆರೆತ ನೀರಿನದು 8ರ ಮೇಲೆ. ಈ ಅಳತೆಯಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸವಾಗುವುದರಿಂದ, ಇವೆರಡರ ನಡುವಿನ ಅಂತರ ಸಾವಿರ ಪಟ್ಟಿನಷ್ಟಾಗುತ್ತದೆ. ದಿನವೂ ಬಿಡದೆ ಹಚ್ಚಿದಾಗ ಚರ್ಮದ ರಕ್ಷಣೆಯ ಪದರ ಸಡಿಲಗೊಳ್ಳುತ್ತದೆ. ಸಾಲದ್ದಕ್ಕೆ ಸೋಡಾ ಎಣ್ಣೆಯಲ್ಲಿ ಕರಗುವ ವಸ್ತುವಲ್ಲ, ಅದರ ಹರಳುಗಳು ಹಾಗೆಯೇ ಉಳಿದು, ಮೊದಲೇ ಮೆದುವಾದ, ಮಡಿಕೆಬಿದ್ದ ಜಾಗದಲ್ಲಿ ಉಜ್ಜುತ್ತಿರುತ್ತವೆ. ಕ್ಷೌರ ಮಾಡಿಕೊಂಡ ದಿನವಂತೂ ಹೇಳುವುದೇ ಬೇಡ. ಉರಿ ಬಂದರೆ ಮೈಯ ವಿಷ ಹೊರಬರುತ್ತಿದೆ ಎಂದೇ ತಿಳಿಯಿರಿ ಎಂದು ಕೆಲವರು ಧೈರ್ಯ ಹೇಳುವುದುಂಟು. ಅದನ್ನು ನಂಬಬೇಡಿ. ರಕ್ತವನ್ನು ಶುದ್ಧಿಮಾಡುವುದು ಮೂತ್ರಪಿಂಡ ಮತ್ತು ಯಕೃತ್ತಿನ ಕೆಲಸ, ಕಂಕುಳಿನದಲ್ಲ.

ಪಟಿಕದ ವಿಷಯ. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಸವರುವ ಆ ಹರಳನ್ನು ಸ್ನಾನವಾದ ಮೇಲೆ ಒದ್ದೆ ಕಂಕುಳಿಗೆ ಒಮ್ಮೆ ತೇಯ್ದುಕೊಳ್ಳುವುದು ಬಹಳ ಸರಳವಾದ ಉಪಾಯ, ಬ್ಯಾಕ್ಟೀರಿಯಾಗಳನ್ನು ಹತೋಟಿಯಲ್ಲಿಡುತ್ತದೆ ಮತ್ತು ಒಂದು ತುಂಡು ತಿಂಗಳುಗಟ್ಟಲೆ ಬರುತ್ತದೆ. ಆದರೆ ಅಲ್ಯುಮಿನಿಯಂ ಬೇಡವೆಂಬ ಕಾರಣಕ್ಕೆ ಪಟಿಕಕ್ಕೆ ಬರುವವರು ಒಂದು ಮಾತನ್ನು ತಿಳಿದಿರಬೇಕು: ಪಟಿಕವೆಂದರೆ ಪೊಟ್ಯಾಸಿಯಂ ಅಲ್ಯುಮಿನಿಯಂ ಸಲ್ಫೇಟ್. ಈಗ ಉರಿಯುತ್ತಿರುವ ಚರ್ಮಕ್ಕೆ ಅದನ್ನೂ ಸೋಕಿಸಬೇಡಿ.

ಇನ್ನು ಕರಗುವ ತೊಂದರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಅಂದರೆ ಕರಾವಳಿಯಲ್ಲಿ ವರ್ಷದ ಹೆಚ್ಚಿನ ದಿನಗಳಲ್ಲಿ ಅದು ಗಟ್ಟಿಯಾಗುವುದೇ ಇಲ್ಲ. ತಂಪು ದೇಶದವರು ಬರೆದ ಪಾಕವನ್ನು ನಾವು ಹಾಗೆಯೇ ಅನುಸರಿಸಿದರೆ ಡಬ್ಬಿಯ ತಳದಲ್ಲಿ ಪುಡಿ ಕೂತು ಮೇಲೆ ಎಣ್ಣೆ ತೇಲುತ್ತದೆ. ಶಿಯಾ ಬೆಣ್ಣೆ, ಕೋಕೋ ಬೆಣ್ಣೆ ಎಂದು ದುಬಾರಿ ಪದಾರ್ಥಗಳನ್ನು ತರಿಸಿ ನೋಡಿದ ಮೇಲೆ ನನಗೆ ಹೊಳೆದದ್ದು, ಅಜ್ಜಿ ಮಳೆಗಾಲದಲ್ಲಿ ಹಿಮ್ಮಡಿಯ ಒಡಕಿಗೆ ಹಚ್ಚಿಕೊಳ್ಳುತ್ತಿದ್ದ ಮುರುಗಲ ತುಪ್ಪ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ ಹಣ್ಣಿನ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದಾಗ ಮೇಲೆ ತೇಲುವ ಕೊಬ್ಬು ಅದು. ಸುಮಾರು 38ರಿಂದ 40 ಡಿಗ್ರಿಯವರೆಗೂ ಗಟ್ಟಿಯಾಗಿರುತ್ತದೆ, ಮೈಗೆ ತಿಕ್ಕಿದರೆ ಮೆದುವಾಗುತ್ತದೆ, ಜಿಡ್ಡೂ ಕಡಿಮೆ.

ನಾನು ತೂಕದ ಲೆಕ್ಕದಲ್ಲಿ 25 ಗ್ರಾಂ ಮುರುಗಲ ತುಪ್ಪ, 25 ಗ್ರಾಂ ತೆಂಗಿನೆಣ್ಣೆ, 5 ಗ್ರಾಂ ಜೇನುಮೇಣ ಮತ್ತು 45 ಗ್ರಾಂ ಕೂವೆ ಹಿಟ್ಟನ್ನು ತೆಗೆದುಕೊಳ್ಳುತ್ತೇನೆ. ಬೇಸಿಗೆಯಲ್ಲಿ ತಂಪಿಗೆಂದು ಗಂಜಿ ಕಾಸಿ ಕುಡಿಯುವ ಅದೇ ಕೂವೆ. ಕಾರ್ನ್‌ಫ್ಲೋರಿಗಿಂತ ನುಣುಪಾಗಿದ್ದರೂ ಒಮ್ಮೆ ತೆಳ್ಳನೆಯ ಬಟ್ಟೆಯಲ್ಲಿ ಜರಡಿ ಹಿಡಿದುಕೊಂಡರೆ ವಾಸಿ. ನೀರು ಕಾಯಿಸಿದ ಪಾತ್ರೆಯೊಳಗೆ ಚಿಕ್ಕ ಪಾತ್ರೆ ಇಟ್ಟು, ಕರಗಲು ಸುಮಾರು 62 ಡಿಗ್ರಿ ಬೇಡುವ ಮೇಣವನ್ನು ಮೊದಲು ಸ್ವಲ್ಪ ತೆಂಗಿನೆಣ್ಣೆಯೊಂದಿಗೆ ಕರಗಿಸಿ, ಆಮೇಲೆ ಉಳಿದ ಎಣ್ಣೆ ಮತ್ತು ತುಪ್ಪವನ್ನು ಹಾಕಿ, ಕೆಳಗಿಳಿಸಿದ ಮೇಲೆ ಕೂವೆ ಹಿಟ್ಟನ್ನು ಸೇರಿಸಬೇಕು. ಬಿಸಿಯಿರುವಾಗಲೇ ಡಬ್ಬಿಗೆ ಸುರಿದುಬಿಟ್ಟರೆ ಹಿಟ್ಟು ತಳ ಸೇರುತ್ತದೆ, ತುಪ್ಪ ರವೆರವೆಯಾಗುತ್ತದೆ. ಮೊಸರಿನ ಹದಕ್ಕೆ ಬರುವವರೆಗೆ ತಿರುವುತ್ತಾ ಇದ್ದು, ಆಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ. ನೀರಿನ ಹನಿ ತಾಗಬಾರದು, ಒದ್ದೆ ಬೆರಳನ್ನಂತೂ ಅದ್ದಲೇಬಾರದು. ಕಡಲೆಕಾಳಿನಷ್ಟು ಲೇಪ ಎರಡೂ ಕಡೆಗೆ ಸಾಕಾಗುತ್ತದೆ.

ಸೋಡಾ ಇಲ್ಲದ ಈ ಲೇಪ ನನಗೆ ಮಧ್ಯಾಹ್ನದವರೆಗೆ ಬರುತ್ತದೆ, ಬಿಸಿಲಲ್ಲಿ ತಿರುಗುವ ದಿನ ಇನ್ನೊಮ್ಮೆ ತೊಳೆದು ಹಚ್ಚಬೇಕಾಗುತ್ತದೆ. ಪರಿಮಳಕ್ಕೆ ಲಾವಂಚದ ಎಣ್ಣೆಯನ್ನು ಈ ಅಳತೆಗೆ 20 ಹನಿ ಮೀರದಂತೆ ಹಾಕಬಹುದು, ಹಾಕದಿದ್ದರೂ ನಷ್ಟವಿಲ್ಲ. ಸುಗಂಧ ತೈಲಗಳೂ ಅಲರ್ಜಿ ತರುವುದುಂಟು. ನಿಂಬೆರಸವನ್ನು ಮಾತ್ರ ಯಾರು ಹೇಳಿದರೂ ಹಚ್ಚಬೇಡಿ. ಅದು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುವ ಸಾಧ್ಯತೆಯಿದೆ, ನೈಸರ್ಗಿಕವಾದದ್ದೆಲ್ಲ ಚರ್ಮಕ್ಕೆ ಹಿತವೆಂಬ ಲೆಕ್ಕ ಇಲ್ಲಿ ತಪ್ಪುತ್ತದೆ.

ಸದ್ಯಕ್ಕೆ ಎಲ್ಲವನ್ನೂ ನಿಲ್ಲಿಸಿ, ಉರಿ ಪೂರ್ತಿ ಹೋಗುವವರೆಗೆ ಬರೀ ನೀರು ಮತ್ತು ಸೌಮ್ಯವಾದ ಸಾಬೂನು ಬಳಸಿ, ಹತ್ತಿಯ ಬಟ್ಟೆ ತೊಡಿ. ಪಾಲಿಯೆಸ್ಟರ್ ಬಟ್ಟೆ ವಾಸನೆಯನ್ನು ಹೆಚ್ಚು ಹಿಡಿದಿಡುತ್ತದೆ. ಆಮೇಲೆ ಹೊಸ ಲೇಪವನ್ನು ಮೊಣಕೈಯ ಒಳಮಡಿಕೆಗೆ ಹಚ್ಚಿ ಎರಡು ದಿನ ನೋಡಿದ ಮೇಲಷ್ಟೇ ಕಂಕುಳಿಗೆ ಹಚ್ಚಿರಿ. ಉರಿಯಿಂದಾದ ಕಪ್ಪು ತಾನಾಗಿ ತಿಳಿಯಾಗುತ್ತದಾದರೂ ತಿಂಗಳುಗಳೇ ಹಿಡಿಯಬಹುದು. ಆ ಕಪ್ಪು ಮಖಮಲ್ಲಿನಂತೆ ದಪ್ಪವಾಗಿ ಕುತ್ತಿಗೆಯ ಮಡಿಕೆಗಳಲ್ಲೂ ಕಾಣಿಸಿಕೊಂಡಿದ್ದರೆ ಅದು ಸೋಡಾದ ಕೆಲಸವಲ್ಲ, ಮಧುಮೇಹದ ಮುನ್ಸೂಚನೆಯೂ ಆಗಿರಬಹುದಾದ್ದರಿಂದ ಚರ್ಮವೈದ್ಯರಿಗೆ ತೋರಿಸಿ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ.